ಸ್ಪೆನ್ಸರ್ ಮಹಲು

ಪ್ರವಾಸಲೇಖನವೆಂದರೆ ಹಂಪೆಯನ್ನೋ ಕಾಶಿಯನ್ನೋ ವರ್ಣಿಸುವುದು ವಾಡಿಕೆ. ನಾನು ಈಗ ವರ್ಣಿಸಹೊರಟಿರುವ ಮನೆಗೆ ರೈಲೂ ಹೋಗದು, ಬಸ್ಸೂ ಹೋಗದು. ಅದನ್ನು ಹೊಕ್ಕುಬಂದವರು ಲೋಕದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಆದರೆ ಅದರ ಹೊಸ್ತಿಲ ಧೂಳು ಒಬ್ಬರ ಕಾಲಿಗೂ ಅಂಟಿಲ್ಲ. ಜಪಾನಿನ ಕ್ಯಾಪ್‌ಕಾಮ್ ಕಂಪನಿಯವರು 1996ರಲ್ಲಿ ಹೊರತಂದ ‘ರೆಸಿಡೆಂಟ್ ಈವಿಲ್’ ಎಂಬ ವೀಡಿಯೋ ಗೇಮಿನೊಳಗಿನ ಸ್ಪೆನ್ಸರ್ ಮಹಲು ಅದು.

ಕಥೆ ಇಷ್ಟು. 1998ರ ಜುಲೈ ತಿಂಗಳು. ಅಮೆರಿಕದಲ್ಲಿ ರಕೂನ್ ಎಂಬ ಕಲ್ಪಿತ ನಗರ. ಅದರ ಹೊರಗೆ ಆರ್ಕ್ಲೇ ಬೆಟ್ಟಗಳು. ಅಲ್ಲಿ ನಡೆದ ಕೊಲೆಗಳನ್ನು ವಿಚಾರಿಸಲು ಹೋದ ಪೊಲೀಸರ ವಿಶೇಷ ಪಡೆಯೊಂದು, ಘೋರವಾದ ನಾಯಿಗಳು ಅಟ್ಟಿಸಿಕೊಂಡು ಬರಲು, ಎದುರಿಗೆ ಕಂಡ ಹಳೆಯ ಮಹಲನ್ನು ಹೊಕ್ಕು ಕದವಿಕ್ಕಿಕೊಳ್ಳುತ್ತದೆ. ಆಡುವವರು ಕ್ರಿಸ್ ಎಂಬ ತರುಣನಾಗಿಯೋ ಜಿಲ್ ಎಂಬ ತರುಣಿಯಾಗಿಯೋ ಅದನ್ನು ಶೋಧಿಸಬೇಕು. ಔಷಧ ಕಂಪನಿಯೊಂದರ ಗುಪ್ತ ಪ್ರಯೋಗಶಾಲೆ ಅಲ್ಲಿ ನೆಲದಡಿ ಇದೆ. ಅಲ್ಲಿಂದ ಹೊರಬಿದ್ದ ವೈರಾಣುವು ಮನೆಯಲ್ಲಿದ್ದವರನ್ನು ನಡೆಯುವ ಹೆಣಗಳನ್ನಾಗಿ ಮಾಡಿದೆ.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಭಯಾನಕರಸದ ವಿಭಾವಗಳನ್ನು ಎಣಿಸುವಾಗ ವಿಕಾರವಾದ ಧ್ವನಿ, ಭೂತದರ್ಶನ, ಬರಿದಾದ ಮನೆ, ಅರಣ್ಯಗಮನ ಇವನ್ನು ಹೇಳಿದ್ದಾನೆ. ಈ ಮಹಲಿನಲ್ಲಿ ಇವೆಲ್ಲವೂ ಉಂಟು. ಇದರ ನಿರ್ದೇಶಕನಾದ ಶಿಂಜಿ ಮಿಕಾಮಿಗೆ ಮಾದರಿಯಾದದ್ದು ಅದೇ ಕಂಪನಿಯ 1989ರ ‘ಸ್ವೀಟ್ ಹೋಮ್’ ಎಂಬ ಆಟ. ಅದೂ ಒಂದು ಪಾಳುಮಹಲಿನ ಕಥೆಯೇ. ಭಯದ ವ್ಯಾಕರಣವು ಎಲ್ಲ ದೇಶಗಳಲ್ಲಿಯೂ ಒಂದೇ ಎನ್ನಬೇಕು.

ಹೆಬ್ಬಾಗಿಲನ್ನು ದಾಟಿದರೆ ವಿಶಾಲವಾದ ಹಜಾರ; ನಡುವೆ ಕೆಂಪು ಜಮಖಾನ ಹಾಸಿದ ಅಗಲವಾದ ಮೆಟ್ಟಿಲುಗಳು. ಎಡಗಡೆಯ ಬಾಗಿಲಾಚೆ ಊಟದ ಮನೆ: ಉದ್ದನೆಯ ಮೇಜು, ಕೊನೆಯಲ್ಲಿ ಬೆಂಕಿಗೂಡು, ಟಿಕ್ ಟಿಕ್ಕೆನ್ನುವ ದೊಡ್ಡ ಗಡಿಯಾರ. ಆ ನಿಶ್ಶಬ್ದದಲ್ಲಿ ಗಡಿಯಾರದ ಸದ್ದೇ ಗುಂಡಿಗೆಯ ಸದ್ದಾಗುತ್ತದೆ. ಇನ್ನೊಂದು ಕಡೆ ಇಕ್ಕಟ್ಟಾದ ಓಣಿಯೊಂದರಲ್ಲಿ ಕಿಟಕಿಯ ಗಾಜನ್ನೊಡೆದು ನಾಯಿಗಳು ಒಳಕ್ಕೆ ನೆಗೆಯುತ್ತವೆ. ಅದನ್ನು ಒಮ್ಮೆ ಕಂಡವರು ಯಾವ ಕಿಟಕಿಯ ಬಳಿಯಲ್ಲಿಯೂ ನಿಶ್ಚಿಂತೆಯಿಂದ ನಡೆಯಲಾರರು.

ಈ ಅಂಜಿಕೆಯ ಬಹುಭಾಗವು ಅಂದಿನ ಯಂತ್ರಗಳ ಬಡತನದಿಂದ ಹುಟ್ಟಿತೆಂಬುದು ಸ್ವಾರಸ್ಯ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರವು ಡಿಸ್ಕಿನಿಂದ ಮುಂದಿನ ಕೋಣೆಯನ್ನು ಓದಿಕೊಳ್ಳಲು ಕೆಲವು ಕ್ಷಣ ಬೇಕು. ಆ ಹೊತ್ತಿನಲ್ಲಿ ಕತ್ತಲೆಯ ನಡುವೆ ಒಂದು ಬಾಗಿಲು ನಿಧಾನವಾಗಿ ತೆರೆಯುವುದನ್ನು ತೋರಿಸಿದರು. ಕೋಣೆಗಳನ್ನು ಮೊದಲೇ ಚಿತ್ರಿಸಿಟ್ಟಿದ್ದುದರಿಂದ ಕ್ಯಾಮೆರಾ ಒಂದೊಂದು ಮೂಲೆಯಲ್ಲಿ ಕದಲದೆ ನಿಂತು ನೋಡುತ್ತದೆ. ತಿರುವಿನಾಚೆ ಏನಿದೆಯೋ ಕಾಣದು, ಎಳೆದಾಡುವ ಹೆಜ್ಜೆಯ ಸದ್ದು ಮಾತ್ರ ಕೇಳುತ್ತದೆ.

ಇಂತಹ ಮನೆಯ ಮೇಲೆ ಪ್ರೀತಿ ಹೇಗೆ ಹುಟ್ಟಿತೆಂದು ವಾಚಕರು ಕೇಳಬಹುದು. ಅಲ್ಲಿನ ದಾರಿದ್ರ್ಯವೇ ಅದಕ್ಕೆ ಕಾರಣ. ಗುಂಡುಗಳು ಎಣಿಕೆಗೆ ಸಿಕ್ಕುವಷ್ಟೇ. ಕ್ರಿಸ್ ಹೊರಬಲ್ಲುದು ಆರು ಪದಾರ್ಥ, ಜಿಲ್ ಎಂಟು. ಕತ್ತಿ, ಕವಚ, ಗುರಾಣಿ, ಶಿರಸ್ತ್ರಾಣ ಎಂಬ ನಾಲ್ಕು ಗುರುತಿನ ಬೀಗದಕೈಗಳನ್ನು ಒಂದೊಂದಾಗಿ ಹುಡುಕಬೇಕು. ಆಟದ ನಡುವೆ ನಿಂತಲ್ಲಿಯ ಗುರುತನ್ನು ಉಳಿಸಿಕೊಳ್ಳಬೇಕಾದರೆ ಟೈಪ್‌ರೈಟರ್ ಇರುವ ಕೋಣೆಗೇ ಬರಬೇಕು, ಕೈಯಲ್ಲಿ ಶಾಯಿಯ ರಿಬ್ಬನ್ ಇರಬೇಕು. ಆ ಪುಟ್ಟ ಕೋಣೆಯಲ್ಲಿ ಒಂದು ಪೆಟ್ಟಿಗೆ, ಮೆಲ್ಲನೆಯ ಸಂಗೀತ. ಹೆಣಗಳು ಅಲ್ಲಿಗೆ ಬಾರವು. ಬಿಸಿಲಲ್ಲಿ ನಡೆದವನಿಗೆ ಮರದ ನೆರಳಿದ್ದಂತೆ ಅದು.

ಅಲ್ಲಿ ರಸಿಕತೆಗೂ ಕೊರತೆಯಿಲ್ಲ. ಒಂದು ಕೋಣೆಯಲ್ಲಿ ಪಿಯಾನೋ ಇದೆ. ಜಿಲ್ ಅದರಲ್ಲಿ ಬೀಥೋವೆನ್ನನ ‘ಮೂನ್‌ಲೈಟ್ ಸೊನಾಟಾ’ ನುಡಿಸಿದರೆ ಗುಪ್ತದ್ವಾರ ತೆರೆಯುತ್ತದೆ. ಕ್ರಿಸ್‌ಗೆ ವಾದನ ಬಾರದು. ರೆಬೆಕಾ ಎಂಬ ಹುಡುಗಿ ಅಭ್ಯಾಸ ಮಾಡಿ ಮುಗಿಸುವವರೆಗೆ ಅವನು ಕಾದಿರಬೇಕು. ಇನ್ನೊಂದು ಕಡೆ ಚಿತ್ರಶಾಲೆ: ಶಿಶುವಿನಿಂದ ವೃದ್ಧನವರೆಗೆ ಮನುಷ್ಯನ ಅವಸ್ಥೆಗಳ ಚಿತ್ರಗಳು, ಮೇಲೆ ಸಾಲಾಗಿ ಕುಳಿತ ಕಾಗೆಗಳು. ವಯಸ್ಸಿನ ಕ್ರಮದಲ್ಲಿ ಗುಂಡಿಗಳನ್ನೊತ್ತಬೇಕು. ಕ್ರಮ ತಪ್ಪಿದರೆ ಕಾಗೆಗಳು ಎರಗುತ್ತವೆ.

ನಾನು ಈ ಮಹಲನ್ನು ಕಂಡದ್ದು 1998ರ ದಸರೆಯ ರಜದಲ್ಲಿ, ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮನ ಕಂಪ್ಯೂಟರಿನಲ್ಲಿ. ಅವನು ಆಡುವವನು, ನಾನು ನೋಟುಪುಸ್ತಕದಲ್ಲಿ ಕೋಣೆಗಳ ನಕ್ಷೆ ಬರೆಯುವವನು. “ಅಣ್ಣಯ್ಯ, ಗುರಾಣಿ ಗುರುತಿನ ಬಾಗಿಲು ಎಲ್ಲಿತ್ತು?” ಎಂದು ಅವನು ಪಿಸುಗುಟ್ಟುವನು; ನಾನು ಹಾಳೆ ತಿರುವಿ ಹೇಳುವೆನು. ಆ ರಾತ್ರಿಗಳು ಕಳೆದದ್ದು ನಾವಿಬ್ಬರೂ ಹುಟ್ಟಿ ಬೆಳೆದ ಮನೆಯಲ್ಲಿ. ಅನಂತರ ಪಾಲಾಗಿ ಆ ಮನೆ ಮಾರಾಟವಾಯಿತು. ಕೊಂಡವರು ಕೆಡವಿ ಬೇರೆ ಕಟ್ಟಿದರು. ಅದರ ಅಟ್ಟಕ್ಕೆ ಎಷ್ಟು ಮೆಟ್ಟಿಲುಗಳಿದ್ದವೆಂದು ಈಗ ಕೇಳಿದರೆ ತಮ್ಮನು ಒಂದು ಹೇಳುತ್ತಾನೆ, ನಾನೊಂದು ಹೇಳುತ್ತೇನೆ. ಸ್ಪೆನ್ಸರ್ ಮಹಲಿನ ವಿಷಯದಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿಲ್ಲ. ಅಭಯವಿರುವಲ್ಲಿ ಕಣ್ಣು ನಿದ್ರಿಸುತ್ತದೆ. ಅಂಜಿ ನಡೆದ ಮನೆಯ ಮೊಳೆ ಮೊಳೆಯೂ ನೆನಪಿನಲ್ಲಿ ಉಳಿಯುತ್ತದೆ.

ಕಥೆಯ ಕೊನೆಯಲ್ಲಿ ಮಹಲು ಸಿಡಿದು ಬೂದಿಯಾಗುತ್ತದೆ. ಆದರೂ 2002ರಲ್ಲಿ ಮಿಕಾಮಿ ಅದನ್ನು ಹೊಸದಾಗಿ ಕಟ್ಟಿಕೊಟ್ಟನು. ಬಿದ್ದ ಹೆಣವನ್ನು ಸುಡದೆ ಬಿಟ್ಟರೆ ಅದು ಇನ್ನೂ ಉಗ್ರವಾಗಿ ಏಳುತ್ತದೆ. ನಾಯಿಗಳ ಓಣಿಯಲ್ಲಿ ಮೊದಲ ಸಲ ಗಾಜು ಬಿರುಕುಬಿಡುತ್ತದೆ, ಅಷ್ಟೆ. ಹಳೆಯದನ್ನು ಬಲ್ಲವನು ಬರಿದೆ ಬೆಚ್ಚುತ್ತಾನೆ. ಮಹಲನ್ನು ಕಟ್ಟಿದ ಶಿಲ್ಪಿ ಟ್ರೆವರನು ರಹಸ್ಯ ಹೊರಬೀಳದಂತೆ ಅಲ್ಲಿಯೇ ಸೆರೆಯಾಗಿ ಸತ್ತ ಕಥೆಯೂ ಅದರಲ್ಲಿದೆ. 2015ರಲ್ಲಿ ಅದೇ ರೂಪವು ಹೊಸ ಯಂತ್ರಗಳಿಗೂ ಒದಗಿತು. ರಕ್ತಪಾತವಿರುವುದರಿಂದ ಮಕ್ಕಳಿಗೆ ಇದು ತಕ್ಕುದಲ್ಲ.

ಕಲ್ಪಿತವಾದ ಮನೆಯನ್ನು ಮತ್ತೆ ಮತ್ತೆ ಕಟ್ಟಬಹುದು. ಅದರ ನಕ್ಷೆಯನ್ನು ಬಲ್ಲವರು ಎಲ್ಲೆಲ್ಲಿಯೂ ಇದ್ದಾರೆ. ನಾವು ವಾಸಿಸುವ ಮನೆಯ ನಕ್ಷೆ ನಮ್ಮ ಮನಸ್ಸಿನಲ್ಲಿಲ್ಲದೆ ಬೇರೆಲ್ಲಿಯೂ ಇಲ್ಲ. ತಾಯಿತಂದೆಗಳ ಮನೆ ಇನ್ನೂ ನಿಂತಿರುವ ಭಾಗ್ಯಶಾಲಿಗಳು ಒಂದು ಸಂಜೆ ದೀಪ ಹಿಡಿದು, ಅಂಜಿದವರಂತೆ ಎಚ್ಚರದಿಂದ, ಅದರ ಕೋಣೆಗಳನ್ನೆಲ್ಲ ಸುತ್ತಿ ಬರಲಿ; ಅಟ್ಟದ ಮೆಟ್ಟಿಲುಗಳನ್ನು ಎಣಿಸಿಡಲಿ.