ಮುಟ್ಟಿ ಓದುವ ಪಾಠ

ಅಣು, ನಕ್ಷತ್ರ, ವಿದ್ಯುತ್ತು ಇವನ್ನೆಲ್ಲ ಪುಸ್ತಕ ನಂಬಿ ಓದಬೇಕು. ಮನುಷ್ಯನ ಮೈಯನ್ನು ಮಾತ್ರ ಮುಟ್ಟಿ ಓದಬಹುದು. ಹೊರಕೆರೆದೇವರಪುರದ, ಅಂದರೆ ನಮ್ಮ ಬಾಯಲ್ಲಿ ಎಚ್.ಡಿ. ಪುರದ, ಮಕ್ಕಳನ್ನು ಕೂರಿಸಿಕೊಂಡು ವಿಜ್ಞಾನ ಸ್ಪರ್ಧೆಗೆ ತಯಾರು ಮಾಡುವ ನನಗೆ ಅದಕ್ಕೇ ಈ ಪಾಠದ ಮೇಲೆ ಮೋಹ.

ಮೂಳೆ 206 ಎಂದು ಉರುಹೊಡೆಯುವುದರಲ್ಲಿ ಏನು ರುಚಿ? ಬೆರಳ ಗೆಣ್ಣಿನಿಂದ ಎಣಿಸುತ್ತ ಮಣಿಕಟ್ಟಿಗೆ ಬಂದರೆ 27. ಎರಡು ಕೈ, ಎರಡು ಪಾದ ಸೇರಿದರೆ 106. ಅರ್ಧಕ್ಕಿಂತ ಹೆಚ್ಚು ಮೂಳೆ ದುಡಿಯುವ ತುದಿಗಳಲ್ಲೇ ಇವೆ ಎಂದು ತಿಳಿದಾಗ, ಅಡಿಕೆ ಸುಲಿಯುವ ಮನೆಯ ಹುಡುಗಿ ತನ್ನ ಬೆರಳುಗಳನ್ನು ಹೊಸದಾಗಿ ನೋಡಿಕೊಳ್ಳುತ್ತಾಳೆ.

ರಕ್ತ ಪರಿಚಲನೆಗೆ ಊರಿನ ಅಜ್ಜಂದಿರೇ ಬೇಕು. ಗುದ್ದಲಿ ಹಿಡಿದ ತೋಳಲ್ಲಿ ರಕ್ತನಾಳ ಎದ್ದು ಕಾಣುತ್ತದೆ. ತೋಳಿಗೆ ಟವೆಲು ಬಿಗಿದು, ಉಬ್ಬಿದ ಅಭಿಧಮನಿಯನ್ನು ಒಂದು ಬೆರಳಿಂದ ಒತ್ತಿ, ಇನ್ನೊಂದರಿಂದ ರಕ್ತವನ್ನು ಭುಜದ ಕಡೆಗೆ ಸವರಬೇಕು. ನಡುವಿನ ಭಾಗ ಚಪ್ಪಟೆಯಾಗಿಯೇ ಉಳಿಯುತ್ತದೆ. ಕವಾಟ ರಕ್ತವನ್ನು ಹಿಂದಕ್ಕೆ ಬಿಡುವುದಿಲ್ಲ. ಕೆಳಗಿನ ಬೆರಳೆತ್ತಿದರೆ ಸರ್ರನೆ ತುಂಬುತ್ತದೆ. ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪ್ರಯೋಗವಿದು, ಖರ್ಚಿಲ್ಲ, ಉಪಕರಣವಿಲ್ಲ. "ಏನ್ಲಾ, ರಕ್ತ ಹೀರ್ತೀಯೇನ್ಲಾ?" ಎಂದು ಗದರಿದ ಅಜ್ಜನೇ "ಇನ್ನೊಂದ್ಸಲ ಮಾಡು" ಎಂದು ತೋಳು ಚಾಚುತ್ತಾನೆ.

ಇದಕ್ಕಿಂತ ಸೊಗಸು ಗುಂಡಿಗೆಯದು. "ಮೇಲಿನ ಕೊಳವೆ ಉಳಿಸಿ ಕೊಯ್ದುಕೊಡಪ್ಪ" ಎಂದು ಮಟನ್ ಅಂಗಡಿಯಿಂದ ಕುರಿಯ ಗುಂಡಿಗೆ ತರುತ್ತೇನೆ. (ಮಾಂಸ ತಿನ್ನದ ಮನೆಯ ಮಕ್ಕಳು ಮೂಗು ಮುಚ್ಚಿಕೊಂಡೇ ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ!) ಮಹಾಪಧಮನಿಯೊಳಗೆ ನೀರು ಸುರಿದರೆ, ಕವಾಟದ, ಅಂಗಿ ಜೇಬಿನಂಥ ಮೂರು ತೆಳು ಎಸಳುಗಳು ಉಬ್ಬಿ, ಅಂಚಿಗಂಚು ಕೂಡಿ ನೀರನ್ನು ತಡೆಯುತ್ತವೆ. ಸತ್ತ ಪ್ರಾಣಿಯಲ್ಲೂ ಕೆಲಸ ಮರೆಯದ ಬಾಗಿಲು. ಆಮೇಲೆ ಸೀಳಿ, ಎಡ ಹೃತ್ಕುಕ್ಷಿಯ ಗೋಡೆಯನ್ನು ಚಿವುಟಿಸುತ್ತೇನೆ. ಬಲದ್ದಕ್ಕಿಂತ ಎಷ್ಟೋ ದಪ್ಪ. ಬಲಭಾಗ ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಭಾಗ ಕಾಲಿನ ಉಗುರಿನವರೆಗೂ ತಲುಪಿಸಬೇಕು. ಕಾರಣವನ್ನು ನಾನು ಹೇಳುವುದಿಲ್ಲ, ಕಾಯುತ್ತೇನೆ. ಯಾರಾದರೊಬ್ಬರು ಹೇಳೇ ಹೇಳುತ್ತಾರೆ.

ಸ್ಪರ್ಧೆಯಲ್ಲಿ ಮಾತ್ರ ಕೆಂಪು, ನೀಲಿ ಬಲ್ಬು ಮಿನುಗುವ ಥರ್ಮಕೋಲ್ ಹೃದಯಗಳದ್ದೇ ಜಾತ್ರೆ. ನನಗೆ ಅವು ಹಿಡಿಸುವುದಿಲ್ಲ. ಸ್ಪರ್ಧೆಗೆ ಬೇಕಾದ ವಿಷಯ ನಮ್ಮ ಬಾಯೊಳಗೇ ಇದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಒಸಡಿನೊಳಗೆ ಹಲ್ಲಿನ ಕವಚ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಕಂದು ಗೆರೆ ಬೀಳುತ್ತದೆ. ಮೂಳೆ ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳುತ್ತದೆ, ಹಲ್ಲಿನ ಕವಚಕ್ಕೆ ಆ ಭಾಗ್ಯವಿಲ್ಲ. ತೀರ್ಪುಗಾರರೇ, ಮುಂದಿನ ಸಲ ಮಗುವೊಂದು ತನ್ನೂರಿನ ನೀರಿನ ಪರೀಕ್ಷೆ, ತನ್ನೂರಿನ ಹಲ್ಲುಗಳ ಲೆಕ್ಕ ಹಿಡಿದು ಬಂದರೆ, ಬಲ್ಬಿಲ್ಲವೆಂದು ಅಂಕ ಕಳೆಯಬೇಡಿ.