ಪ್ರತಿಕಾಯಕ್ಕೆ ಅಂಟಿದ ಸಕ್ಕರೆ

ಸಕ್ಕರೆ ಎಂದೊಡನೆ ಸೊಲ್ಲಾಪುರ ಜಿಲ್ಲೆಯವರಾದ ನಮಗೆ ಕಬ್ಬಿನ ಗಾಡಿಗಳೂ ಕಾರ್ಖಾನೆಯ ಚಿಮಣಿಗಳೂ ಕಣ್ಣಿಗೆ ಕಟ್ಟುತ್ತವೆ. ಹಿರಿಯರಿಗೋ ಸಕ್ಕರೆ ಕಾಯಿಲೆಯ ನೆನಪು! ಇವೆರಡೂ ಅಲ್ಲದ ಇನ್ನೊಂದು ಸಕ್ಕರೆ ನಮ್ಮೆಲ್ಲರ ರಕ್ತದಲ್ಲಿದೆ. ಅದರ ವಿಷಯವನ್ನು ಇಲ್ಲಿ ಹೇಳಬಯಸುತ್ತೇವೆ.

ರೋಗಾಣುಗಳು ಒಳಹೊಕ್ಕಾಗ ದೇಹವು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತದೆ. ರಕ್ತದಲ್ಲಿ ಹೆಚ್ಚಾಗಿರುವ ಪ್ರತಿಕಾಯದ ಆಕಾರ ಕವಲೊಡೆದ ಕೋಲಿನಂತೆ. ಎರಡು ಕವಲುಗಳು ರೋಗಾಣುವನ್ನು ಹಿಡಿಯುತ್ತವೆ. ಬುಡವು ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಪ್ರತಿಕಾಯದ ರಚನೆಯನ್ನು ಬಿಡಿಸಿ ತೋರಿಸಿದ ಎಡೆಲ್‌ಮನ್ ಮತ್ತು ಪೋರ್ಟರ್ ಅವರಿಗೆ 1972ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಬುಡದಲ್ಲಿ ಜೋಡಿಯಾಗಿರುವ ಎರಡು ಎಳೆಗಳಿಗೂ 297ನೆಯ ಸ್ಥಾನದಲ್ಲಿ ಒಂದೊಂದು ಸಕ್ಕರೆಯ ಸರ ಅಂಟಿಕೊಂಡಿರುತ್ತದೆ. ತೂಕದಲ್ಲಿ ಅದು ನೂರಕ್ಕೆ ಎರಡು-ಮೂರು ಪಾಲು ಮಾತ್ರ. ಆದರೆ ಅದನ್ನು ತೆಗೆದರೆ ಬುಡದ ಆಕಾರ ಕೆಡುತ್ತದೆ. ಕವಲುಗಳು ರೋಗಾಣುವನ್ನು ಹಿಡಿದರೂ ಕಣಗಳಿಗೆ ಕರೆ ಸರಿಯಾಗಿ ಮುಟ್ಟುವುದಿಲ್ಲ. ಸರದ ಒಂದು ಮಣಿ ಬದಲಾದರೂ ಸಾಕು, ಕೆಲಸ ಬದಲಾಗುತ್ತದೆ. ಫ್ಯೂಕೋಸ್ ಎಂಬ ಮಣಿ ಇಲ್ಲದ ಪ್ರತಿಕಾಯದ ಕರೆ ಬಹು ಜೋರು. ಕ್ಯಾನ್ಸರ್ ಔಷಧಿಯಲ್ಲಿ ಇದು ಉಪಕಾರಿ. ಆದರೆ ಡೆಂಗ್ಯೂ, ಕೋವಿಡ್ ಉಲ್ಬಣಿಸಿದ ರೋಗಿಗಳಲ್ಲಿಯೂ ಇಂಥವು ಹೆಚ್ಚಾಗಿ ಕಂಡುಬಂದಿವೆ.

ಹಾಲಿನ ಸಕ್ಕರೆಯಲ್ಲಿಯೂ ಇರುವ ಗ್ಯಾಲಕ್ಟೋಸ್ ಇನ್ನೊಂದು ಮಣಿ. ಕೀಲುಗಳನ್ನು ದೇಹವೇ ಕೆಡಿಸುವ ರುಮಟಾಯ್ಡ್ ಸಂಧಿವಾತದವರ ಪ್ರತಿಕಾಯಗಳಲ್ಲಿ ಅದು ಕಡಿಮೆಯೆಂದು 1985ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಇದನ್ನು ಓದಿದಾಗ ಅಕ್ಕಲಕೋಟೆಯ ನಮ್ಮಿಬ್ಬರು ಅಕ್ಕ-ತಂಗಿಯರಿಗೆ ಸೊಲ್ಲಾಪುರದ ಚಿಗವ್ವನ ನೆನಪಾಯಿತು. ಬೀಡಿ ಕಟ್ಟಿ ಮನೆ ನಡೆಸಿದ ಆಕೆಯ ಬೆರಳುಗಳು ಇದೇ ರೋಗದಿಂದ ಸೊಟ್ಟಗಾಗಿವೆ. ಈಗ ದಿನಕ್ಕೆ ಮೊದಲಿನ ಅರ್ಧದಷ್ಟು ಬೀಡಿಯೂ ಆಗುವುದಿಲ್ಲ. "ಮಗಾ ಹೊಟ್ಟ್ಯಾಗ ಇದ್ದಾಗ ಬ್ಯಾನಿ ಕಡಿಮಿ ಇತ್ತು, ಹಡದ ಮ್ಯಾಲ ಮತ್ತ ಹೆಚ್ಚಾತು" ಎಂದು ಆಕೆ ಹೇಳುತ್ತಿದ್ದಳು. ಮನೆಯಲ್ಲಿ ಯಾರೂ ಆ ಮಾತಿಗೆ ಬೆಲೆ ಕೊಡಲಿಲ್ಲ. ಆದರೆ ಅದು ನಿಜ! ಗರ್ಭಿಣಿಯರಲ್ಲಿ ಗ್ಯಾಲಕ್ಟೋಸ್ ಮಣಿಗಳು ಹೆಚ್ಚುತ್ತವೆ, ಅನೇಕ ರೋಗಿಗಳ ನೋವೂ ತಗ್ಗುತ್ತದೆ. ಹೆರಿಗೆಯ ನಂತರ ಎರಡೂ ಹಿಂದಿನಂತಾಗುತ್ತವೆ.

ಇದನ್ನು ಹೇಳಿದಾಗ ಚಿಗವ್ವ, "ಹಂಗಾದ್ರ ಸಕ್ರಿ ಹೆಚ್ಚಿಗಿ ತಿನ್ಲೇನು?" ಎಂದಳು. ಇಲ್ಲ, ಪೇಡೆ ತಿಂದರೆ ಆ ಮಣಿ ಕೂಡುವುದಿಲ್ಲ. ಪ್ರತಿಕಾಯವನ್ನು ತಯಾರಿಸುವ ಜೀವಕೋಶವೇ ಅದನ್ನು ಪೋಣಿಸಬೇಕು. ವೈದ್ಯರು ಕೊಟ್ಟ ಗುಳಿಗೆಯನ್ನು ತಪ್ಪಿಸಬಾರದು. ಬೇಗ ಚಿಕಿತ್ಸೆ ಆರಂಭವಾದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ವಾಚಕರೇ, ನಿಮ್ಮ ಮನೆಯಲ್ಲಿ ಯಾರಾದರೂ ಬೆಳಿಗ್ಗೆ ಬೆರಳು ಮಡಚಲಾಗದೆ ಒದ್ದಾಡುತ್ತಿದ್ದರೆ ಅವರ ಮಾತನ್ನು ಕೇಳಿರಿ, ತಡಮಾಡದೆ ವೈದ್ಯರಿಗೆ ತೋರಿಸಿರಿ.