ಕೇಳುವವರೊಬ್ಬರು ಬೇಕು

ಕಳೆದ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವ ನೆವದಲ್ಲಿ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಿದೆವು. 1974ರಲ್ಲಿ ಊರು ಬಿಟ್ಟು ದಿಲ್ಲಿಗೆ ಬಂದಾಗ ನಮ್ಮೊಡನೆ ರೈಲಿನಲ್ಲಿ ಬಂದ ಟ್ರಂಕು ಅದು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಿಂದ ಮಯೂರ ವಿಹಾರದ ಈ ಫ್ಲ್ಯಾಟಿಗೆ ಬರುವಾಗಲೂ ಅದರ ಬಾಯಿ ತೆರೆದು ನೋಡಿರಲಿಲ್ಲ. ಒಳಗೆ ಮಕ್ಕಳ ಹಳೆಯ ಸ್ವೆಟರುಗಳು, ಊರಿಗೆ ಕಳಿಸಿದ ಮನಿಯಾರ್ಡರುಗಳ ರಸೀದಿಯ ಕಟ್ಟು, ಅದರ ಅಡಿಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕು. ಮೊದಲ ಪುಟದಲ್ಲಿ 1979 ಎಂದು ಇಸವಿ. ಮುಂದೆ 62 ಪುಟಗಳಷ್ಟು ಕಾದಂಬರಿ. ಅನಂತರ ಬರೀ ಖಾಲಿ ಹಾಳೆ.

ನಮ್ಮಿಬ್ಬರಲ್ಲಿ ಅದನ್ನು ಬರೆದವರು ಒಬ್ಬರು. ಬರೆದ ಸಂಗತಿಯೇ ತಿಳಿಯದವರು ಇನ್ನೊಬ್ಬರು.

"ಇದನ್ನ ಯಾವಾಗ ಬರೆದೆ?"

"ನೀವು ಆಫೀಸಿಗೆ ಹೋದ ಮೇಲೆ, ಮಗು ಮಲಗಿದಾಗ."

"ನನಗೆ ಹೇಳಲೇ ಇಲ್ಲವಲ್ಲ?"

"ನೀವು ಕೇಳಲಿಲ್ಲ."

ಮಾತಿನಲ್ಲಿ ಕೋಪವಿರಲಿಲ್ಲ, ಆಕ್ಷೇಪಣೆಯೂ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದು, ಅಷ್ಟೆ. ಆದ್ದರಿಂದಲೇ ಅದು ಮನಸ್ಸಿನಲ್ಲಿ ಉಳಿಯಿತು.

ಕೇಳುವುದಕ್ಕೆ ಆಗ ಪುರುಸೊತ್ತಾದರೂ ಎಲ್ಲಿತ್ತು ಎಂದು ಸಮಾಧಾನ ಹೇಳಿಕೊಂಡೆವು. ನಸುಕಿನಲ್ಲೆದ್ದು ಡಿ.ಎಂ.ಎಸ್. ಬೂತಿನ ಮುಂದೆ ಹಾಲಿಗೆ ಸಾಲು ನಿಲ್ಲಬೇಕು. ಸೀಮೆಎಣ್ಣೆಗೆ ಇನ್ನೊಂದು ಸಾಲು. ಎರಡು ಕೋಣೆಯ ಮನೆಯಲ್ಲಿ ನಾವು, ಮಗು, ಕೆಲಸ ಹುಡುಕಲು ಬಂದ ಮೈದುನ. ಜೊತೆಗೆ ಇಂಟರ್‌ವ್ಯೂಗೆಂದೋ ಹರಿದ್ವಾರದ ದಾರಿಯಲ್ಲೆಂದೋ ಬಂದಿಳಿಯುವ ಊರಿನವರು. ದಿಲ್ಲಿಗೆ ಬಂದ ಅಂದಿನ ಕನ್ನಡ ಸಂಸಾರಗಳಲ್ಲಿ ಇದು ಯಾರ ಮನೆಯ ಕಥೆಯಲ್ಲ? ಗುಮಾಸ್ತೆಯ ಸಂಬಳ ಇಪ್ಪತ್ತನೇ ತಾರೀಖಿಗೇ ಮುಗಿಯುತ್ತಿತ್ತು. ಇಂಥದರಲ್ಲಿ ಕನಸಿನ ಮಾತೆತ್ತುವುದೆಂದರೆ ನಾಚಿಕೆಯೇ.

ಕಷ್ಟದಿಂದಲೇ ಒಳ್ಳೆಯ ಸಾಹಿತ್ಯ ಹುಟ್ಟುತ್ತದೆಂದು ನಮ್ಮಲ್ಲಿ ಹೇಳುವ ರೂಢಿಯುಂಟು. ಭಾಷಣಗಳಲ್ಲಿ ನಾವೂ ಕೇಳಿ ತಲೆದೂಗಿದ್ದೇವೆ. ಈ ನೋಟ್‌ಬುಕ್ಕು ಕೈಗೆ ಬಂದ ಮೇಲೆ ಆ ಮಾತು ಅಷ್ಟು ಸಲೀಸಾಗಿ ಒಪ್ಪಿಗೆಯಾಗದು. ಕಷ್ಟ ನಮ್ಮ ಮನೆಯಲ್ಲಿ ಬೇಕಾದಷ್ಟಿತ್ತು. ಕಾದಂಬರಿ ಮಾತ್ರ 62ನೆಯ ಪುಟಕ್ಕೆ ನಿಂತಿತು.

ಆಗ ನೆನಪಾದದ್ದು ನಮ್ಮ ಮುದ್ದಣ. ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಮಕ್ಕಳಿಗೆ ಕವಾಯತು ಕಲಿಸುತ್ತಿದ್ದ ಬಡ ಮೇಷ್ಟರು. 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವರಿಗೆ ಮೂವತ್ತೊಂದರ ಪ್ರಾಯ. 'ಶ್ರೀರಾಮಾಶ್ವಮೇಧ'ದ ಮುದ್ದಣನಾದರೋ ಬೇರೆಯೇ ಮನುಷ್ಯ. ಅವನು ಅರಮನೆಯಿಂದ ಮನೆಗೆ ಬರುವ ಕವಿ. ಹೊರಗೆ ಮಳೆಗಾಲ, ಮನೆಯಲ್ಲಿ ಮಡದಿ ಮನೋರಮೆ ಅವನನ್ನು ಉಪಚರಿಸಿ, ಒಂದು ಕಥೆ ಹೇಳೆಂದು ಪಟ್ಟು ಹಿಡಿಯುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ನಡುನಡುವೆ ತಡೆಯುತ್ತಾಳೆ, ಚುಡಾಯಿಸುತ್ತಾಳೆ.

ಶಾಲೆಯಲ್ಲಿ ಇದನ್ನು ಸರಸ ಸಲ್ಲಾಪವೆಂದು ಓದಿ ನಕ್ಕಿದ್ದೆವು. ಈ ವಯಸ್ಸಿನಲ್ಲಿ ಓದಿದರೆ ಬೇರೆಯೇ ತೋರುತ್ತದೆ. ಬದುಕಿನಲ್ಲಿ ಇಲ್ಲದ ಅರಮನೆಯನ್ನು ಆ ಕವಾಯತು ಮೇಷ್ಟರು ಪುಸ್ತಕದಲ್ಲಿ ಕಟ್ಟಿಕೊಂಡರು, ಸರಿ. ಅದಕ್ಕಿಂತ ಮುಖ್ಯವಾಗಿ, ಕಥೆ ಹೇಳೆಂದು ಕೇಳುವ ಒಂದು ಜೀವವನ್ನು ಕಟ್ಟಿಕೊಂಡರು. ನಿಜಜೀವನದಲ್ಲಿ ತಮ್ಮ ಕೃತಿಯನ್ನು ತಮ್ಮದೆಂದು ಹೇಳಿಕೊಳ್ಳುವ ಧೈರ್ಯವೂ ಅವರಿಗಾಗಲಿಲ್ಲ; ಯಾರೋ ಹಳೆಯ ಕವಿಯದೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಕರ್ತೃ ಯಾರೆಂಬುದು ಕನ್ನಡ ಓದುಗರಿಗೆಲ್ಲ ಖಚಿತವಾದದ್ದು ಅವರು ಕಣ್ಮುಚ್ಚಿದ ಎಷ್ಟೋ ವರ್ಷಗಳ ಮೇಲೆ.

ಕೇಳುವವರು ಬರಲೆಂದು ಕಾಯದೆ, ಅವರಿದ್ದಲ್ಲಿಗೇ ನಡೆದು ಹೋದವರೂ ನಮ್ಮಲ್ಲಿದ್ದಾರೆ. ಗಳಗನಾಥರು, ಅಂದರೆ ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), ಅಂಥವರು. ಅವರೂ ಶಾಲಾಮಾಸ್ತರರೇ. ಕನ್ನಡದಲ್ಲಿ ಕಾದಂಬರಿ ಓದುವವರನ್ನು ಹುಡುಕಬೇಕಾಗಿದ್ದ ಕಾಲ ಅದು. ಬರೆದು ಅಚ್ಚು ಹಾಕಿಸಿದ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅಷ್ಟು ಗಟ್ಟಿತನ ಎಲ್ಲರಿಗೂ ಎಲ್ಲಿಂದ ಬರಬೇಕು?

ನಮ್ಮ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಎಂ.ಕೆ. ಇಂದಿರಾ ಅವರ ಸಂಗತಿ. 1917ರಲ್ಲಿ ಹುಟ್ಟಿ, ಹನ್ನೆರಡರ ಆಚೀಚೆಗೇ ಮದುವೆಯಾಗಿ, ಸಂಸಾರ ತೂಗಿಸಿದ ಆಕೆ ಕಾದಂಬರಿ ಬರೆಯಲು ಕೂತದ್ದು ನಲವತ್ತೈದರ ಸುಮಾರಿಗೆ. 'ತುಂಗಭದ್ರಾ' ಬಂದದ್ದು 1963ರಲ್ಲಿ. 1976ರಲ್ಲಿ ಬಂದ 'ಫಣಿಯಮ್ಮ' ನಿಜವಾಗಿ ಬಾಳಿದ ಒಬ್ಬ ಬಾಲವಿಧವೆಯ ಕಥೆ. ಗಂಡನ ಮುಖವನ್ನೂ ಸರಿಯಾಗಿ ಕಾಣದೆ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ವರ್ಷಕ್ಕೂ ಮಿಕ್ಕಿ ಬದುಕಿದ ಆ ಅಜ್ಜಿ ತನ್ನ ಬಾಳನ್ನು ಇಂದಿರಾ ಅವರ ತಾಯಿಯ ಮುಂದೆ ಹೇಳಿಕೊಂಡಿದ್ದರಂತೆ. ತಾಯಿ ಕೇಳಿಸಿಕೊಂಡರು, ಅದು ಮಗಳಿಗೆ ದಾಟಿತು, ಮಗಳು ಅರವತ್ತರ ಹೊಸ್ತಿಲಲ್ಲಿ ಬರೆದರು. ಇದೇ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ಒಂದು ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳ ಮಾತಿಗೆ ಕಿವಿಗೊಟ್ಟಿರದಿದ್ದರೆ ಇಷ್ಟರಲ್ಲಿ ಒಂದೂ ಆಗುತ್ತಿರಲಿಲ್ಲ.

ಕಷ್ಟ ಕನಸನ್ನು ಒಂದೇ ಏಟಿಗೆ ಕೊಲ್ಲುವುದಿಲ್ಲವೆಂದು ಈಗ ನಮಗೆ ತೋರುತ್ತದೆ. ಕಷ್ಟ ಮೊದಲು ಕಸಿಯುವುದು ವಿಚಾರಿಸುವ ಅಭ್ಯಾಸವನ್ನು. ಹಾಲು ಬಂತೇ, ಬಿಲ್ಲು ಕಟ್ಟಿತೇ, ಊರಿಗೆ ಹಣ ಹೋಯಿತೇ ಎಂದು ನಾವು ದಿನವೂ ಒಬ್ಬರನ್ನೊಬ್ಬರು ಕೇಳಿದ್ದೇವೆ. ನಿನಗೆ ಏನಾಗಬೇಕೆಂದಿತ್ತು ಎಂದು ಐವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಸಂಬಳ ಏರಿತು, ಮೈದುನನಿಗೆ ಕೆಲಸವಾಯಿತು, ಮಕ್ಕಳು ದಡ ಸೇರಿದರು, ಸರೋಜಿನಿ ನಗರದಲ್ಲಿ ನಾವಿದ್ದ ಮನೆಗಳ ಸಾಲನ್ನೇ ಕೆಡವಿದರು. ಕೇಳದೆ ಇರುವ ಅಭ್ಯಾಸ ಮಾತ್ರ ನಮ್ಮ ಜೊತೆಗೇ ಯಮುನೆ ದಾಟಿ ಬಂತು.

ಅಂದು ರಾತ್ರಿ ಆ ಪ್ರಶ್ನೆ ತಿರುಗಿಯೂ ಬಂತು. "ಮತ್ತೆ ನಿಮಗೇನಾಗಬೇಕೆಂದಿತ್ತು ರೀ?" ಸಂಜೆ ಕಾಲೇಜಿನಲ್ಲಿ ಕಾನೂನು ಓದುವ ಆಸೆಯಿತ್ತು; ಭರ್ತಿ ಮಾಡಿ ಕಳಿಸದೆ ಉಳಿದ ಅರ್ಜಿಯೂ ಅದೇ ಟ್ರಂಕಿನಲ್ಲಿ ಸಿಕ್ಕಿತು. ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಗುರುಗ್ರಾಮದಲ್ಲಿ ಕೆಲಸ ಮಾಡುವ ನಮ್ಮ ಮಗಳು ಭಾನುವಾರಗಳಂದು ಬಂದಾಗ ನಾವು ವಿಚಾರಿಸುವುದು ಊಟ, ಆರೋಗ್ಯ, ಮನೆಯ ಕಂತು. ಈಗ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದ್ದೇವೆ. ಮೊದಲ ಸಲ ಅವಳು ನಮ್ಮ ಮುಖವನ್ನೇ ನೋಡಿದಳು; ಎರಡನೆಯ ಸಲ ಉತ್ತರ ಹೇಳಲು ಅವಳಿಗೆ ಒಂದು ಗಂಟೆ ಸಾಲಲಿಲ್ಲ. ಓದುಗ ಬಂಧುಗಳೂ ತಮ್ಮ ಮನೆಯಲ್ಲಿ ಕೇಳಿ ನೋಡಬಹುದು. ಏನಾದರೂ ಬರೆದು ಕೊಡಿ ಎಂದು ಈ ಪತ್ರಿಕೆಯ ಸಂಪಾದಕರು ಗಂಟು ಬೀಳುವುದೂ ಮನೋರಮೆಯ ಕೆಲಸವೇ ಅಲ್ಲವೆ?

ನೋಟ್‌ಬುಕ್ಕಿನ 62 ಪುಟಗಳನ್ನು ನಾಲ್ಕು ರಾತ್ರಿ ಕೂತು ಓದಿ ಮುಗಿಸಿದೆವು. ಮಲೆನಾಡಿನ ಹುಡುಗಿಯೊಬ್ಬಳು ಮದುವೆಯಾಗಿ ರೈಲು ಹತ್ತಿದ್ದಾಳೆ. ರೈಲು ಝಾನ್ಸಿ ದಾಟಿದೆ, ದಿಲ್ಲಿ ಇನ್ನೂ ಬಂದಿಲ್ಲ. ಅಲ್ಲಿಗೆ ಬರವಣಿಗೆ ನಿಂತಿದೆ.

"ಆಮೇಲೆ ಏನಾಯಿತು?"

"ನೋಡೋಣ," ಎಂದು ಉತ್ತರ ಬಂತು. "ನನ್ನ ಕನ್ನಡಕ ಎಲ್ಲಿದೆ ನೋಡಿ."